ನಮ್ಮ ಮಾಲಕರು

ಶುಗರ್ ಲ್ಯಾಂಡ್, ಟೆಕ್ಸಾಸ್
೧೪ ಅಕ್ಟೋಬರ್ ೨೦೨೪

ಗೆಳೆಯ ಸಿದ್ಧಾರೂಢನಿಗೆ ಇರಣ್ಣನ ಪ್ರೀತಿಯ ನಮಸ್ಕಾರ.

ನಿನ್ನ ಕಾಗದ ಬಂದ ಮೇಲೆ ಶ್ರಾವಣ ಕಳೆಯಿತು, ದಸರೆಯೂ ಮುಗಿಯಿತು. ತಡವಾದದ್ದಕ್ಕೆ ಬಯ್ಯಬೇಡ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಈ ಮನೆಯಲ್ಲಿ ಎಲ್ಲರೂ ಸ್ಪೀಕರ್ ಹಾಕಿಕೊಂಡೇ ಮಾತಾಡುವವರು. ಇದು ನನ್ನಾಕೆ ಗಂಗವ್ವನ ಕಿವಿಗೆ ಬಿದ್ದರೆ ಸುಮ್ಮನೆ ಹೆದರುತ್ತಾಳೆ.

ನೇರವಾಗಿ ಕೇಳುತ್ತೇನೆ. ನಮ್ಮ ರೊಟ್ಟಿ ಕಾರ್ಖಾನೆಯ ಹೆಂಗಸರ ಜೊತೆ ನೀನೇನಾದರೂ ಮಾತಾಡಿದ್ದೀಯಾ? ಧಾರವಾಡದ ನಿನ್ನ ರೊಟ್ಟಿ ಸಂಘದಲ್ಲಿ ಬಡಿಯುವವರೇ ಸದಸ್ಯರು, ಲಾಭವೂ ಅವರದೇ ಎಂಬ ಪುರಾಣ ಇಲ್ಲಿಯ ಸರೋಜಾಗೆ ಬಾಯಿಪಾಠವಾಗಿದೆ. ಯಾರೋ ಹೇಳಿಕೊಟ್ಟಿರಲೇಬೇಕು.

ಕಾಲೇಜಿನಲ್ಲೂ ನಮ್ಮದು ಇದೇ ಜಗಳ. ನೀನು ಸಮಾಜವಾದ ಎನ್ನುತ್ತಿದ್ದೆ, ಬಂಡವಾಳ ಹಾಕುವವನಿಲ್ಲದೆ ಒಲೆ ಹೊತ್ತುವುದಿಲ್ಲ ಎಂದು ನಾನು. ಈಗಲೂ ಅದನ್ನೇ ಹೇಳುತ್ತೇನೆ. ಮನೆ ಅಡವಿಟ್ಟವನು ನಾನು. ಹ್ಯೂಸ್ಟನ್, ಡಲ್ಲಾಸ್ ಅಂಗಡಿಗಳಲ್ಲಿ ನಮ್ಮ ಖಡಕ್ ರೊಟ್ಟಿ ಕೂತಿದ್ದರೆ ಅದು ನಾನು ವ್ಯಾನ್ ಓಡಿಸಿದ್ದರಿಂದ. ನಿನ್ನ ಸಂಘದಲ್ಲಿ ಎಲ್ಲರೂ ಒಡೆಯರು, ಗ್ಯಾಸ್ ಮುಗಿದರೆ ತರುವವರು ಮಾತ್ರ ಯಾರೂ ಇಲ್ಲ. ಸಿಟ್ಟಾಗಬೇಡ, ನಿನ್ನ ಕಾಗದದಲ್ಲಿ ನೀನೇ ಹಾಗೆ ಗೊಣಗಿದ್ದೀಯ.

ಇತ್ತೀಚೆಗೆ ನಾನು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ, ರೊಟ್ಟಿ ಬಡಿಯುವ ಸಪ್ಪಳವಷ್ಟೇ ಉಳಿಯುತ್ತದೆ. ಮೊನ್ನೆ ಸರೋಜಾಳನ್ನು ಕೇಳಿಯೇ ಬಿಟ್ಟೆ.

“ಏನ್ ನಡದೈತಿ ನಿಮ್ಮದು?”

“ಏನಿಲ್ರಿ ಮಾಲಕ್ರ. ಆಸ್ಟಿನ್‌ನ್ಯಾಗ ಒಂದ್ ಅಡಿಗಿಮನಿ ಬಾಡಿಗಿಗೆ ಐತಂತ. ನಾವ ಕೂಡಿ ನಡಸೋಣು ಅಂತ. ಎಲ್ಲಾರೂ ಸರಿಪಾಲು.”

“ಯಾರ್ ತಲಿ ತುಂಬ್ಯಾರ ನಿಮಗ?”

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. “ತುಂಬೂದೇನೈತ್ರಿ. ಕೈ ನಮ್ಮವ ಅದಾವಲ್ಲ.”

ಈ ಮಾತು ಅವಳದಲ್ಲ ಎಂದು ಅಲ್ಲೇ ಅನ್ನಿಸಿತು. ಆಸ್ಟಿನ್‌ನಲ್ಲಿ ಓದುವ ಮಗಳು ಸೌಂದರ್ಯಾಳ ಮೇಲೂ ಅನುಮಾನ ಬಂದು ಫೋನ್ ಮಾಡಿದೆ. “ನಾಟ್ ಮೀ, ಅಪ್ಪಾ” ಎಂದು ನಕ್ಕಳು. ಎಲ್ಲರ ಪಗಾರ ಏರಿಸಿದೆ. ನಗುತ್ತಲೇ ತೆಗೆದುಕೊಂಡರು. ಆ ನಗುವೂ ನನಗೆ ಸರಿ ಕಾಣಲಿಲ್ಲ. ಉಳಿದವನು ನೀನೊಬ್ಬನೇ, ನಿಜ ಹೇಳು.

ನಿನ್ನ ಮಗಳು ಸುಚೇತಾಗೆ ನನ್ನ ಆಶೀರ್ವಾದ. ಅವಳ ಸಂಸಾರ ತಂಪಾಗಿರಲಿ. ನೀನು ಮಂಡಿ ನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ,
ಇರಣ್ಣ

ತಾ.ಕ.: ಕಾಗದ ಅಂಚೆಗೆ ಹಾಕುವಷ್ಟರಲ್ಲಿ ಗೊತ್ತಾಯಿತು, ನೀನಲ್ಲ. ನೀನೇ ಆಗಿದ್ದರೆ ಚೆನ್ನಾಗಿತ್ತು. ಹೇಳಿಕೊಟ್ಟವಳು ಇಷ್ಟು ವರ್ಷ ಅವರ ಜೊತೆಗೇ ರೊಟ್ಟಿ ಬಡಿದ ಗಂಗವ್ವ. ಅವಳೂ ಆಸ್ಟಿನ್‌ಗೆ ಹೋಗುತ್ತಾಳೆ, ಮಗಳ ಹತ್ತಿರ ಇರುತ್ತಾಳಂತೆ. “ಎಲ್ಲಾರ ಪಗಾರ ಏರಿಸಿದ್ರಿ. ನಂದ್ ಎಷ್ಟ್ ಏರಿಸಿದ್ರಿ?” ಎಂದು ಕೇಳಿದಳು. “ನಿನಗೆಂಥಾ ಪಗಾರ? ನೀ ನನ್ನ ಹೇಣ್ತಿ ಅಲ್ಲೇನು?” ಎಂದೆ.

ನಿನಗೆ ಗೊತ್ತಲ್ಲ, ಬಂದವರಿಗೆಲ್ಲ ಅವಳು ನನ್ನನ್ನು ತೋರಿಸಿ “ಇವರು ನಮ್ಮ ಮಾಲಕರು” ಅನ್ನುತ್ತಿದ್ದಳು, ನಮ್ಮ ಕಡೆಯ ಹೆಂಗಸರು ಗಂಡನನ್ನು ಹೇಳುವ ಹಾಗೆ. ಕೇಳಿ ನಾನು ಹಿಗ್ಗುತ್ತಿದ್ದೆ. ನಿನ್ನೆ ಸಂಶಯ ತಡೆಯಲಾರದೆ ಕೇಳಿದೆ, ಇಷ್ಟು ವರ್ಷ ಮಾಲಕರು ಅಂದದ್ದು ಗಂಡ ಅಂತ ಅಂದಿಯೋ, ಸರೋಜಾ ಅನ್ನುವ ಹಾಗೆ ಧಣಿ ಅಂತ ಅಂದಿಯೋ ಎಂದು. ಅವಳು ಕೈಯ ಹಿಟ್ಟು ಒರೆಸಿಕೊಳ್ಳುತ್ತ, “ನನಗ ಎರಡೂ ಒಂದ ಆಗಿತ್ತಲ್ರಿ” ಎಂದಳು.