ಅತ್ತೆಯ ಅರ್ಜಿ

೫ ಆಗಸ್ಟ್, ಸೋಮವಾರ

ಚಿಗರಿ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಹುಬ್ಬಳ್ಳಿಯಿಂದ ಧಾರವಾಡದ ತನಕ ನಿಂತೇ ಬಂದೆ. ಮಾಳಮಡ್ಡಿ ಆಫೀಸಿನ ಬೀಗ ತೆಗೆದು, ಕಸ ಹೊಡೆದು, ಮೊದಲು ನಾಗರತ್ನಾಳ ಫೈಲ್. ಗರಗದವಳು. ಗಂಡ ಶಿವಯೋಗೀಶ ಹತ್ತಿ ವ್ಯಾಪಾರಿ. ಒದ್ದು ಕೈ ಮುರಿದಿದ್ದಾನೆ. ಹೋದ ತಿಂಗಳಿಂದ ನಮ್ಮ ಮಹಿಳಾ ಸಂಸ್ಥೆಯ ಆಶ್ರಯದ ಮನೆಯಲ್ಲಿದ್ದಾಳೆ. ಕಣ್ಣಾರೆ ಕಂಡವರು ಯಾರು ಎಂದು ವಕೀಲರು ಕೇಳುತ್ತಲೇ ಇದ್ದಾರೆ. ಓಣಿಯವರಿಗೆಲ್ಲ ಗೊತ್ತು. ಹೇಳುವವರಿಲ್ಲ.

ನಾಗರತ್ನಾಳಿಗೆ ಫೋನ್ ಮಾಡಿದೆ. "ನಿಮ್ಮ ಅತ್ತಿ ಹೇಳ್ತಾರೇನ್ರಿ?"

"ಅಕಿನ? ಅವ ಹೊಡಿಯೂವಾಗ ಟಿವಿ ಸೌಂಡ್ ಜಾಸ್ತಿ ಮಾಡ್ತಿದ್ಲರಿ ಹುಮಾಕ್ಕಾರ. ಮಂದಿಗೆ ಕೇಳಬಾರದಂತ."

೮ ಆಗಸ್ಟ್, ಗುರುವಾರ. ಮಧ್ಯಾಹ್ನ

ಅದೇ ಅತ್ತೆ ಬಂದಿದ್ದಾಳೆ! ಮುರಿಗೆವ್ವ. ಒಬ್ಬಳೇ. ಸಂಸ್ಥೆ ಕಟ್ಟಿದ ದೇವಕ್ಕ ಇಂಥವರನ್ನು ಬಹಳ ನೋಡಿದವರು. ಕೂರಿಸುವ ಮೊದಲೇ ಹೇಳಿಬಿಟ್ಟರು, "ರಾಜಿ ಮಾಡಾಕ ಬಂದಿದ್ರ ಹಂಗ ಹೋಗ್ರಿ. ಸೊಸಿನ್ನ ಕಳಸೂದಿಲ್ಲ."

"ಕಳಸಬ್ಯಾಡ್ರಿ."

ಸೆರಗು ಸರಿಸಿದಳು. ಕುತ್ತಿಗೆಯ ಮೇಲೆ ಬೆರಳಿನ ಗುರುತು.

"ಅಕಿ ಇದ್ದಾಗ ಅಕಿಗೆ ಹೊಡೀತಿದ್ದ. ಈಗ ನನಗ. ಮನಿ ನನ್ನ ಹೆಸರಿಲೆ ಐತಿ, ಸಹಿ ಹಾಕು ಅಂತಾನ." ಸೆರಗು ಮತ್ತೆ ಹೊದ್ದುಕೊಂಡು, "ಹೆತ್ತ ಮಗನ ಮ್ಯಾಲ ಅರ್ಜಿ ಕೊಡಾಕ ಬರತೈತೇನ ತಂಗಿ?"

"ಬರತೈತ್ರಿ ಅವ್ವಾರ," ಎಂದೆ. ನೀರು ಕೊಟ್ಟೆ. ನುಂಗಲು ಆಗಲಿಲ್ಲ ಪಾಪ.

ಸಂಜೆ

ನಾಗರತ್ನಾಳನ್ನು ಕೇಳಲೇಬೇಕಿತ್ತು. ಆಶ್ರಯದ ಮನೆ ಇರುವುದು ಒಂದೇ.

"ಅಕಿ ಒಳಗ ಬಂದ್ರ ನಾ ಹೊರಗ." ಒಂದೇ ಕೈಯಿಂದ ಬ್ಯಾಗು ತುಂಬತೊಡಗಿದಳು.

ಸಿಟ್ಟು ಬಂತು ನನಗೆ. ಮುದುಕಿ, ಎಲ್ಲಿಗೆ ಹೋಗಬೇಕು? ಆಮೇಲೆ ಅನಿಸಿತು... ಪೆಟ್ಟು ತಿಂದವಳೇ ದೊಡ್ಡ ಮನಸ್ಸನ್ನೂ ಮಾಡಬೇಕೆಂದರೆ ಹೇಗೆ? ಬ್ಯಾಗು ಇಳಿಸಿಟ್ಟೆ. ಮುರಿಗೆವ್ವನನ್ನು ದೇವಕ್ಕ ತಮ್ಮ ಮನೆಗೆ ಕರೆದುಕೊಂಡು ಹೋದರು.

೧೨ ಆಗಸ್ಟ್

ವಕೀಲರು ಮುರಿಗೆವ್ವನ ಅರ್ಜಿ ಸಿದ್ಧ ಮಾಡಿದರು. ಸುದ್ದಿ ಕೇಳಿ ನಾಗರತ್ನಾ ತಾನಾಗಿಯೇ ಆಫೀಸಿಗೆ ಬಂದಳು. "ಅಕಿ ಕೋರ್ಟಿನ್ಯಾಗ ತನ್ನದಷ್ಟ ಹೇಳಿದ್ರ ನಡಿಯೂದಿಲ್ಲ. ನಂದೂ ಹೇಳಬೇಕು. ಟಿವಿದೂ."

ಮುರಿಗೆವ್ವನಿಗೆ ಹಾಗೆಯೇ ಮುಟ್ಟಿಸಿದೆ. ಟಿವಿಯದೂ ಹೇಳಬೇಕೇ ಎಂದು ಎರಡು ಸಲ ಕೇಳಿದಳು. ಕೊನೆಗೆ, "ಹೇಳ್ತೇನಿ. ಖರೇನ ಐತಲ್ಲ."

೨೯ ಆಗಸ್ಟ್

ಕೋರ್ಟು. ಹೊರಗೇ ಅಡ್ಡ ಬಂದ ಶಿವಯೋಗೀಶ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ. ಬಗ್ಗಿ ತಾಯಿಯ ಕಾಲು ಹಿಡಿದ. "ಯವ್ವಾ, ಮನಿ ಮಾನ ತಗೀಬ್ಯಾಡ."

"ನನ್ನ ಕೊಳ್ಳ ಹಿಡಿಯೂವಾಗ ಮಾನ ಎಲ್ಲಿ ಹೋಗಿತ್ತೊ?"

ಕಾಲು ಬಿಡಿಸಿಕೊಂಡಳು. ನನ್ನ ಕೈ ಹಿಡಿದೇ ಒಳಗೆ ನಡೆದಳು. ಎಲ್ಲ ಹೇಳಿದಳು. ತಾನು ಮಾಡಿದ್ದನ್ನೂ. ಹಿಂದೆ ಕೂತಿದ್ದ ನಾಗರತ್ನಾ ತಲೆ ಎತ್ತಲಿಲ್ಲ.

೬ ಸೆಪ್ಟೆಂಬರ್

ಮಧ್ಯಂತರ ಆದೇಶ ಬಂತು. ಅವನು ಮನೆ ಬಿಡಬೇಕು, ನಾಗರತ್ನಾ ಅಲ್ಲಿರಬಹುದು. ಇಬ್ಬರ ಹತ್ತಿರವೂ ಸುಳಿಯುವಂತಿಲ್ಲ. ವಕೀಲರು ಪೇಢೆ ತರಿಸಿದರು.

ವರಾಂಡದಲ್ಲಿ ಮುರಿಗೆವ್ವ ಸೊಸೆ ಮನೆ ಬಿಟ್ಟ ಮೇಲೆ ಮೊದಲ ಸಲ ಅವಳೊಂದಿಗೆ ಮಾತಾಡಿದಳು. "ಮನಿಗೆ ಬರ್ತಿಯೇನ?"

"ನೀವು ಕರದ್ರಿ ಅಂತ ಬರೂದಿಲ್ಲ. ಕೋರ್ಟ್ ಕೊಟ್ಟೈತಿ, ಅದಕ್ಕ ಬರ್ತೇನಿ."

"ಆತು."

೩ ಅಕ್ಟೋಬರ್

ಗರಗಕ್ಕೆ ಹೋಗಿದ್ದೆ, ಮನೆ ಭೇಟಿ. ಅವನು ಒಮ್ಮೆ ಓಣಿಯ ತನಕ ಬಂದಿದ್ದನಂತೆ. ನಾಗರತ್ನಾ ಪೊಲೀಸರಿಗೆ ಫೋನ್ ಹಚ್ಚಿದಳು, ಅವರು ಬಂದು ಕಳಿಸಿದರು. ಅವಳ ಮುರಿದ ಕೈ ಕೂಡಿದೆ. ರೊಟ್ಟಿ ಬಡಿಯುತ್ತಿದ್ದಳು. ಬಿಸಿ ರೊಟ್ಟಿ ಮೊದಲು ಹೋದದ್ದು ಮುರಿಗೆವ್ವನ ತಾಟಿಗೆ. ತಾಟು ಮುಂದೆ ತಳ್ಳಿ ನಾಗರತ್ನಾ ಒಲೆಯ ಕಡೆ ತಿರುಗಿದಳು.

ಹೊರಗೆ ಬಂದಾಗ ನಾಗರತ್ನಾಳನ್ನು ಮೆಲ್ಲಗೆ ಕೇಳಿದೆ, "ಸಿಟ್ಟು ಹೋತೇನ್ರಿ?"

"ಇಲ್ಲರಿ ಅಕ್ಕಾರ. ಹೋಗೂದೂ ಇಲ್ಲ. ಹಂಗಂತ ಉಪಾಸ ಕುಂಡ್ರಸಾಕ ಬರತೈತೇನ್ರಿ?"

ಈಗ ರಿಪೋರ್ಟು. 'ರಾಜಿಯಾಗಿದೆ' ಎಂದು ಬರೆದೆ. ಹೊಡೆದು ಹಾಕಿದೆ. 'ಅತ್ತೆ, ಸೊಸೆ ಇಬ್ಬರೂ ಸುರಕ್ಷಿತ. ಒಂದೇ ಮನೆಯಲ್ಲಿದ್ದಾರೆ, ಆದರೆ ರಾಜಿಯಾಗಿಲ್ಲ.'