ಅತ್ತೆಯಿಲ್ಲದ ವಾರದ ಅಂಕಣ

ಪೂಜ್ಯ ಅತ್ತೆಯವರಿಗೆ,

ನಿಮ್ಮ ಅಳಿಯನ ನಮಸ್ಕಾರಗಳು. ಅಂಕಣಕಾರನೊಬ್ಬನನ್ನು ಬಿಟ್ಟು ಇಲ್ಲಿ ಎಲ್ಲರೂ ಕ್ಷೇಮ.

ನೀವು ಕಿರಿಯ ಮಗಳ ಮನೆಗೆ ಹೊರಟುಹೋದಂದಿನಿಂದ ನನಗೆ ಯಾವುದರ ಬಗ್ಗೆಯೂ ಅಭಿಪ್ರಾಯವೇ ಹುಟ್ಟುತ್ತಿಲ್ಲ. ಬಸ್ ದರ ಏರಿತು, ಸುಮ್ಮನಿದ್ದೆ. ಮಂತ್ರಿಯೊಬ್ಬರು ಬೆಳಿಗ್ಗೆ ರಾಜೀನಾಮೆ ಕೊಟ್ಟು ಸಂಜೆಗೆ ವಾಪಸು ಪಡೆದರು, ಆಗಲೂ ತಲೆ ಖಾಲಿ. ವಿಮರ್ಶೆಗೆ ಬಂದ ಕಾದಂಬರಿಯನ್ನು ಮೊದಲ ಸಲ ನಾನೇ ಕೂತು ಓದಿದೆ, ನಿದ್ದೆ ಬಂತು.

ಬಟಾಣಿ ಸುಲಿಯುತ್ತ ನೀವು ಟೀವಿಗೆ ಬಯ್ದದ್ದನ್ನು, ಪುಸ್ತಕಗಳ ಗ್ರಹಚಾರ ಬಿಡಿಸಿದ್ದನ್ನು ನಾನು ವಾರವಾರವೂ ನನ್ನ ಹೆಸರಿನಲ್ಲಿ ಅಚ್ಚು ಹಾಕಿಸಿದೆ. ಊರಿಗೆಲ್ಲ ಚಿಂತಕನಾದೆ.

ಹೋದ ವಾರ ಪಕ್ಕದ ಮನೆಯ ಟೀಚರಮ್ಮ ನಿಮ್ಮೆದುರೇ, "ಏನ್ ತಲೆ ಅಮ್ಮಾ ನಿಮ್ಮ ಅಳಿಯಂದಿರದು!" ಎಂದು ಹೊಗಳಿದರು. ನೀವು ನಗುತ್ತಲೇ, "ಹೂಂ ಕಣಮ್ಮ, ಮನೇಲಿ ಬಾಯೇ ಬಿಡಲ್ಲ. ಎಲ್ಲ ಪೇಪರಿಗೇ ಅಂತ ಎತ್ತಿಟ್ಟಿರ್ತಾರೆ" ಅಂದಿರಿ. ಆಗಲಾದರೂ ನಾನು ನಿಜ ಹೇಳಬಹುದಿತ್ತು. ಇನ್ನೊಂದು ಬಿಸ್ಕತ್ತು ತೆಗೆದುಕೊಂಡೆ. ಮರುದಿನ ನೀವು ಬ್ಯಾಗು ಹಿಡಿದು ಹೊರಟಿರಿ.

"ಅಮ್ಮ ಏನು ಸಂಬಳ ಕೇಳಿದ್ಳಾ ರೀ? ಅವಳು ಹೇಳಿದ್ದು ಅಂತ ಒಂದ್ ಮಾತು ಅಂದಿದ್ರೆ ಸಾಕಿತ್ತು" ಎನ್ನುತ್ತಾಳೆ ನಿಮ್ಮ ಮಗಳು.

ನಿಮಗೆ ಮುಖ ತೋರಿಸಲು ನಾಚಿಕೆಯಾಗಿ ಈ ಪತ್ರ. ಈ ವಾರದ ಅಂಕಣದಲ್ಲಿ ಇದನ್ನೆಲ್ಲ ಒಪ್ಪಿಕೊಂಡಿದ್ದೇನೆ, ಪ್ರತಿ ಜೊತೆಗಿದೆ. ಸಿಟ್ಟು ಇಳಿದರೆ ತಿಳಿಸಿ, ಸ್ಟೇಷನ್ನಿಗೆ ನಾನೇ ಬರುತ್ತೇನೆ. ಬರಹ ಸಪ್ಪೆ ಅನ್ನಿಸಿದರೆ ಕ್ಷಮಿಸಿ; ಇದೊಂದು ಮಾತ್ರ ನಾನೇ ಬರೆದದ್ದು.

ಇತಿ,
ನಿಮ್ಮ ದೊಡ್ಡ ಅಳಿಯ