ಒಂದು ಬಕೆಟ್ ಕೇಳಿದ್ದೆ

ಮಂಗಳವಾರ, ಸಂಜೆ

ಪ್ರೀತಿಯ ಮುಂಗೋಪಿಗೆ,

('ಪ್ರೀತಿಯ' ಎಂಬುದನ್ನು ಹೊಡೆದುಹಾಕೋಣವೆಂದುಕೊಂಡೆ. ಇವತ್ತು ಸಂತೋಷದಲ್ಲಿದ್ದೇನೆ, ಇರಲಿ ಬಿಡು.)

ಗೆದ್ದೆ ಕಣೋ! ನಮ್ಮ ಬಣ್ಣದ ಕಾರ್ಖಾನೆಯಿಂದ ಕಾಲುವೆಗೆ ಬೀಳುವ ನೀರು ಪರೀಕ್ಷೆಯಲ್ಲಿ ಪಾಸಾಯಿತು. ವರದಿ ಈಗಷ್ಟೇ ಕೈಗೆ ಬಂತು. ನಾಲ್ಕು ವರ್ಷದ ಹಿಂದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, 'ನಿನ್ನ ಬಣ್ಣ ತಿನ್ನೋ ಹುಳಗಳು ಗಾಜಿನ ಜಾಡೀಲಷ್ಟೇ ಬದುಕ್ತವೆ, ಕಾರ್ಖಾನೆ ನೀರಲ್ಲಿ ಒಂದು ದಿನಾನೂ ಉಳಿಯಲ್ಲ' ಅಂದಿದ್ದೆಯಲ್ಲ, ಆ ಮಾತಿಗೆ ನಾನು ಗಂಟುಮೂಟೆ ಕಟ್ಟಿಕೊಂಡು ಹೊರಟಿದ್ದೆನಲ್ಲ, ಈಗ ನೀರು ತಿಳಿ ಮಾಡಿದ್ದು ಅವೇ ಹುಳಗಳು. ಹುಳ ಅಲ್ಲ, ಸೂಕ್ಷ್ಮಜೀವಿ ಎಂದು ತಿದ್ದಿದ್ದಕ್ಕೆ ನಿನಗೆ ಇನ್ನಷ್ಟು ಸಿಟ್ಟು ಬಂದಿತ್ತು. ಈಗ ನಾನೂ ಹುಳ ಎಂದೇ ಕರೆಯುತ್ತೇನೆ.

ಹೋದ ತಿಂಗಳು ನಿನ್ನ ತಂಗಿಯ ಮೂಲಕ ಒಂದು ಬಕೆಟ್ ಕೆಸರು ಕೇಳಿದಾಗ ಯಾಕೆಂದು ಅವಳಿಗೂ ಹೇಳಿರಲಿಲ್ಲ. ಈಗ ಕೇಳು.

ಇಲ್ಲಿನ ತೊಟ್ಟಿಯಲ್ಲಿ ಅವನ್ನು ಎರಡು ವರ್ಷ ಸಾಕಿ, ಒಂದೊಂದೇ ಬಣ್ಣಕ್ಕೆ ಒಗ್ಗಿಸಿ, ತಳದ ತುಂಬ ಕರಿ ಕೆಸರಾಗಿ ಬೆಳೆಸಿದ್ದೆ. ಮಾಲಿನ್ಯ ನಿಯಂತ್ರಣದ ಅಧಿಕಾರಿ ಇನ್ನು ಮೂರು ವಾರಕ್ಕೆ ಬರುವವರಿದ್ದರು. ನೀರು ಕೆಂಪಗಿದ್ದರೆ ಕಾರ್ಖಾನೆಗೆ ಬೀಗ, ನನ್ನ ಸಂಶೋಧನೆಗೆ ಎಳ್ಳುನೀರು. ಅಂಥ ಹೊತ್ತಿನಲ್ಲಿ ನಾನು ಎರಡು ದಿನ ಯಾವುದೋ ಸಮ್ಮೇಳನಕ್ಕೆ ಹೋದೆ. ಮರಳಿ ಬಂದಾಗ ಕಾರ್ಖಾನೆಯ ಸಾಹುಕಾರರು ಮದುಮಗನ ಕಳೆ ಹೊತ್ತು ಗೇಟಿನಲ್ಲೇ ಕಾಯುತ್ತಿದ್ದರು. ನನ್ನನ್ನು ತೊಟ್ಟಿಯ ಬಳಿ ಕರೆದೊಯ್ದು, 'ನೋಡಿ ಮೇಡಂ, ತಳದಲ್ಲಿ ಎಷ್ಟು ಗಲೀಜು ಕೂತಿತ್ತು ಅಂತೀರಿ! ಎಲ್ಲಾ ತೆಗೆಸಿ, ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿದೀನಿ. ಆಫೀಸರ್ ಬಂದ್ರೆ ಇದ್ರಲ್ಲೇ ಮುಖ ನೋಡ್ಕೋಬಹುದು' ಎಂದರು. ತೊಟ್ಟಿ ಥಳಥಳ ಹೊಳೆಯುತ್ತಿತ್ತು. ಒಂದೇ ಒಂದು ಹುಳ ಉಳಿದಿರಲಿಲ್ಲ.

ಬೈಯುವುದಾದರೂ ಹೇಗೆ? ಪಾಪ, ನನ್ನ ಮರ್ಯಾದೆ ಉಳಿಸಲೆಂದೇ ಮಾಡಿಸಿದ್ದರು. ಚೆನ್ನಾಗಿದೆ ಎಂದು ಹೇಳಿ, ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಗಳಗಳನೆ ಅತ್ತುಬಿಟ್ಟೆ.

ಮೊಸರಿನ ಹಾಗೆ ಇದಕ್ಕೂ ಹೆಪ್ಪು ಬೇಕು. ಹೊಸದಾಗಿ ಬೆಳೆಸುತ್ತೇನೆಂದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆಗ ನೆನಪಾದದ್ದು ನಿನ್ನ ಕೊಳಚೆ ನೀರಿನ ಘಟಕದ ಪಂಪ್ ಕೋಣೆಯಲ್ಲಿ ನಾನು ಬಿಟ್ಟುಬಂದ ಹುಳಗಳ ಒಂದು ಜಾಡಿ. ಎಂದೋ ಚರಂಡಿಗೆ ಸುರಿದಿರುತ್ತೀಯ ಎಂದೇ ಅಂದುಕೊಂಡಿದ್ದೆ. ಆದರೂ ಕೇಳಿದೆ. ಬೇರೆ ದಾರಿ ಇರಲಿಲ್ಲ, ಅಷ್ಟಕ್ಕೇ ಕೇಳಿದ್ದು. ಇನ್ನೇನೋ ಅರ್ಥ ಹಚ್ಚಬೇಡ.

ಒಂದು ಬಕೆಟ್ ಕೇಳಿದವಳಿಗೆ ನೀನು ಟ್ಯಾಂಕರ್ ಕಳಿಸಿದೆ! ನಾರುತ್ತದೆಂದು ಕಾವಲುಗಾರ ಅದನ್ನು ಗೇಟಿನಲ್ಲೇ ತಡೆದ. ನಾನು ಮೇಲೆ ಹತ್ತಿ, ಮುಚ್ಚಳ ತೆಗೆಸಿ ಮೂಸಿದೆ. ಅದೇ ವಾಸನೆ! ನಿನ್ನ ಡ್ರೈವರ್ ನನ್ನನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿ, 'ನಮ್ ಸಾಹೇಬ್ರು ಇದನ್ನ ಮೊದ್ಲು ಒಂದು ಡ್ರಮ್ಮಲ್ಲಿ ಇಟ್ಕೊಂಡಿದ್ರು ಮೇಡಂ, ಆಮೇಲೆ ಒಂದು ತೊಟ್ಟೀನೇ ಬಿಟ್ಟುಕೊಟ್ರು. ರಜಾ ದಿನಾನೂ ಬಂದು ಒಂಚೂರು ಬಣ್ಣ ಕಲಸಿ ಹಾಕಿ ಹೋಗ್ತಾರೆ. ಬೇರೆಯವ್ರು ಯಾರಾದ್ರೂ ಮುಟ್ಟಿದ್ರೋ, ಕಥೆ ಮುಗೀತು' ಎಂದ. ಕಳ್ಳ! ನಾಲ್ಕು ವರ್ಷದಲ್ಲಿ ನನಗೆ ಒಂದು ಮಾತು ಹೇಳಿದೆಯಾ?

ಬಂದವು ಮಾತ್ರ ಥೇಟ್ ನಿನ್ನ ಹಾಗೆಯೇ. ಹೊಸ ಜಾಗ, ಗಾಢ ಬಣ್ಣ ನೋಡಿ ಮುಖ ಊದಿಸಿಕೊಂಡು ಕೂತವು. ಸಕ್ಕರೆ ನೀರು ಕೊಟ್ಟು, ಬಣ್ಣವನ್ನು ದಿನಕ್ಕಿಷ್ಟು ಎಂದು ಹೆಚ್ಚಿಸುತ್ತ ರಮಿಸಿದೆ. ಒಂದು ವಾರ ನೀರು ರಕ್ತದ ಹಾಗೆಯೇ ಇತ್ತು. ಸಾಹುಕಾರರು ಕೇಳಿದಾಗಲೆಲ್ಲ ಎಲ್ಲ ಸರಿಯಿದೆ ಎಂದು ಸುಳ್ಳು ಹೇಳುತ್ತ ತಿರುಗಿದೆ. ಆಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಗುಲಾಬಿ! ಮರುದಿನ ತಿಳಿ ಹಳದಿ. ಅದರ ಮರುದಿನ ಬಣ್ಣವೇ ಇಲ್ಲ.

ಬಂದ ಅಧಿಕಾರಿ ಜಗಮೊಂಡಿ ಹೆಂಗಸು. ಬಾಟಲಿಯನ್ನು ಬೆಳಕಿಗೆ ಹಿಡಿದು, 'ನಲ್ಲಿ ನೀರು ಬಿಟ್ಟಿಲ್ಲ ತಾನೇ?' ಎಂದರು. ತೋಳೇರಿಸಿ, ಕಾಲುವೆಗೆ ಇಳಿದು, ಪೈಪಿನ ಬಾಯಿಗೇ ಬಾಟಲಿ ಒಡ್ಡಿ ಮತ್ತೊಮ್ಮೆ ತುಂಬಿಕೊಂಡರು. ಅದೂ ತಿಳಿಯೇ! ಇವತ್ತಿನ ವರದಿಯಲ್ಲಿ ಎಲ್ಲವೂ ಮಿತಿಯೊಳಗಿದೆ. ಸಾಹುಕಾರರು ಕುಣಿದದ್ದನ್ನು ನೀನು ನೋಡಬೇಕಿತ್ತು. ಈ ಬೀದಿಯ ಉಳಿದ ಕಾರ್ಖಾನೆಗಳವರೂ ಸೇರಿ ದೊಡ್ಡ ಘಟಕವೊಂದನ್ನು ಕಟ್ಟುತ್ತಾರಂತೆ. ನಡೆಸಲು ಅನುಭವಸ್ಥ ಎಂಜಿನಿಯರ್ ಬೇಕಂತೆ. ಸುಮ್ಮನೆ ತಿಳಿಸಿದೆ.

ಎಲ್ಲರೂ ಚಪ್ಪಾಳೆ ತಟ್ಟುವಾಗ ನನ್ನ ಕಣ್ಣು ಹುಡುಕಿದ್ದು ನಿನ್ನನ್ನು. ನೀನಿಲ್ಲದೆ ಈ ಗೆಲುವು ಅರ್ಧವೇ ಅನಿಸಿತು. ಆದರೂ ಅಡುಗೆಮನೆಯ ಆ ವಾದದಲ್ಲಿ ಸೋತದ್ದು ನೀನೇ. ಅದನ್ನು ಒಪ್ಪಿಕೊಂಡು ಎರಡು ಸಾಲು ಬರೆ.

ಬಾಯಿ ಮುಚ್ಚಲು ಇನ್ನೂ ಕಲಿಯದ,
ನಿನ್ನ ಬಾಯಿಬಡುಕಿ

ಮರೆತಿದ್ದೆ: ಪರೀಕ್ಷೆಯ ಅರ್ಜಿಯಲ್ಲಿ, ಮೂಲ ಕೆಸರು ಎಲ್ಲಿಯದು ಎಂದು ಕೇಳಿದ್ದರು. ನಿನ್ನ ಘಟಕದ ವಿಳಾಸ ಬರೆಯಲು ಹೋದವಳು 'ನಮ್ಮ ಮನೆಯದು' ಎಂದು ಬರೆದುಬಿಟ್ಟಿದ್ದೇನೆ. ಅಧಿಕಾರಿಯ ಸಹಿಯೂ ಬಿದ್ದಿದೆ. ಇನ್ನು ತಿದ್ದಲು ಬರುವುದಿಲ್ಲ.